ಮಡಿವಾಳ ಹಕ್ಕಿಗೊಂದು ಮರ್ಯಾದಸ್ಥ ಹೆಸರು

ಯಾರಾದರೂ ತಮ್ಮ ಹೆಸರು ಹೇಳಿದರೆ ನಾನು ಮೊದಲು ಅವರ ಮುಖ ನೋಡುವುದಿಲ್ಲ, ಅಕ್ಷರ ಎಣಿಸುತ್ತೇನೆ. ವೆಂಕಟರಮಣಸ್ವಾಮಿ ಎಂದರೆ ಆರಡಿ ತಗಡು ಬೇಕು, ರವಿ ಎಂದರೆ ಒಂದೂವರೆ ಅಡಿ ಸಾಕು; ಒತ್ತಕ್ಷರವಿದ್ದರೆ ಕೆಳಗೆ ಮೂರಿಂಚು ಜಾಗ ಬಿಡಬೇಕು. ಬಣಕಲ್ಲಿನಲ್ಲಿ ಬೋರ್ಡ್ ಬರೆಯುವ ಅಂಗಡಿ ಇಟ್ಟುಕೊಂಡಿದ್ದಾಗ ಅಂಟಿದ ಚಟ ಇದು. ಅಂಗಡಿ ಹೋಗಿ ಎಷ್ಟೋ ವರ್ಷವಾಯಿತು, ಚಟ ಮಾತ್ರ ಹೋಗಿಲ್ಲ. ಹೆಣ್ಣು ನೋಡಲು ಹೋದಾಗ "ಹುಡುಗಿ ಹೆಸರು ಪ್ರಿಯದರ್ಶಿನಿ" ಎಂದರು. ಆ ಅರ್ಕಾವತ್ತನ್ನು ಎಲ್ಲಿ ಕೂರಿಸುವುದೆಂದು ಯೋಚಿಸುತ್ತ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಹುಡುಗ ಬಹಳ ಗಂಭೀರ ಎಂದುಕೊಂಡು ಅವರು ಒಪ್ಪಿಬಿಟ್ಟರು. ಆ ತಪ್ಪು ತಿಳುವಳಿಕೆಯ ಮೇಲೆ ನಮ್ಮ ಸಂಸಾರ ಇವತ್ತಿಗೂ ನಡೆದುಕೊಂಡು ಬಂದಿದೆ.

ಅಪ್ಪನದು ಬಸ್‌ಸ್ಟ್ಯಾಂಡಿನ ಎದುರು ದಿನಸಿ ಅಂಗಡಿ. ಹಣೆಗೆ ವಿಭೂತಿ, ಕೈಯಲ್ಲಿ ತಕ್ಕಡಿ; ಮೂರು ತಲೆಮಾರಿನಿಂದ ಇದೇ. ಅಂಥ ಮನೆಯಲ್ಲಿ ಹುಟ್ಟಿದ ನಾನು ಬೆರಳಿಗೆ ಎನಾಮೆಲ್ ಮೆತ್ತಿಕೊಂಡು ಏಣಿ ಹತ್ತುವುದು ಅವರಿಗೆ ಕಣ್ಣಿಗೆ ಕಸ ಬಿದ್ದಂತಾಗಿತ್ತು. "ಊರವರ ಹೆಸರೆಲ್ಲ ಬರೀತಾನೆ, ಇವನಿಗೊಂದು ಹೆಸರು ಬರೋದು ಯಾವಾಗಲೋ" ಎಂದು ಗಿರಾಕಿಗಳ ಹತ್ತಿರ ಹೇಳುತ್ತಿದ್ದರು. ಹೆಸರು ಬಂತು. ಲೇಡೀಸ್ ಟೈಲರ್ ಒಬ್ಬನ ಬೋರ್ಡಿನಲ್ಲಿ "ಮಹಿಳೆಯರ ಬಟ್ಟೆ ಹೊಲಿಯಲಾಗುವುದು" ಎಂದು ಬರೆಯಬೇಕಿತ್ತು. ತಗಡಿನ ಅಂಚು ಹತ್ತಿರ ಬಂದುಬಿಟ್ಟಿದ್ದರಿಂದ ಸ್ವಲ್ಪ ಉಳಿತಾಯ ಮಾಡಿ "ಹೊಲಿಯಲಾಗದು" ಎಂದು ಮುಗಿಸಿದೆ. ಆ ಟೈಲರ್ ಒಂದು ತಿಂಗಳು ಗಿರಾಕಿ ಇಲ್ಲದೆ ಕೂತು, ಕೊನೆಗೆ ತಾನೇ ರಸ್ತೆಗಿಳಿದು ಬೋರ್ಡ್ ಓದಿಕೊಂಡನಂತೆ. ಅಲ್ಲಿಂದ ಮುಂದೆ ಮೂಡಿಗೆರೆಯವರೆಗೂ ನನ್ನನ್ನು ಗುರುತು ಹಿಡಿಯುತ್ತಿದ್ದರು.

ಈಗ ನಾನು ಹೇಳಹೊರಟದ್ದು ಟೈಲರನ ವಿಷಯವಲ್ಲ, ಹಕ್ಕಿಯದು. ನೀವು ಅದನ್ನು ನೋಡಿಯೇ ಇರುತ್ತೀರಿ. ಮೈನಾಕ್ಕಿಂತ ಸಣ್ಣದು. ಬೆನ್ನು, ಎದೆ ಮಿರಿಮಿರಿ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯ ಮೇಲೊಂದು ಬಿಳಿಯ ಪಟ್ಟಿ. ಬಾಲವನ್ನು ಸದಾ ನಿಮಿರಿಸಿಕೊಂಡು ಓಡಾಡುವುದು ನೋಡಿದರೆ ಪಂಚಾಯ್ತಿ ಮೆಂಬರನ ಕಳೆ. ಆದರೆ ಹೂವಿನ ಮಳೆ ಬಿದ್ದು ಕಾಫಿ ಅರಳುವ ಸಮಯದಲ್ಲಿ, ಬೆಳಗಾಗುವ ಹೊತ್ತಿಗೆ ಸಿಲ್ವರ್ ಓಕಿನ ತುದಿಯಲ್ಲಿ ಕೂತು ಅದು ಹಾಡಲು ಶುರುಮಾಡಿತೆಂದರೆ ಈ ಜಂಬವನ್ನೆಲ್ಲ ಕ್ಷಮಿಸಬಹುದು. ಇದಕ್ಕೆ ನಮ್ಮಲ್ಲಿ ಮಡಿವಾಳ ಹಕ್ಕಿ ಎಂದು ಹೆಸರು.

ಜಾವಳಿಯ ಕಡೆ ಒಂದು ಎಸ್ಟೇಟಿನ ರುದ್ರೇಗೌಡರು ಹೋಂಸ್ಟೇ ಮಾಡಿದ್ದು ಕಾಫಿಯ ಬೆಲೆ ನೆಲಕಚ್ಚಿದ್ದ ವರ್ಷಗಳಲ್ಲಿ. ಆಗ ಎಲ್ಲರಿಗೂ ಅತಿಥಿಗಳ ಮೇಲೆ ಏಕಾಏಕಿ ಪ್ರೀತಿ ಬಂದಿತ್ತು. ಪಾರ್ಚ್‌ಮೆಂಟ್ ಕಾಫಿಯ ಮೂಟೆ ಪೇರಿಸುತ್ತಿದ್ದ ಗೋಡೌನಿಗೆ ಗೋಡೆ ಎಬ್ಬಿಸಿ, ಕಿಟಕಿಗೆ ಪರದೆ ಕಟ್ಟಿ ಐದು ಕಾಟೇಜ್ ಮಾಡಿದರು. ಒಂದೊಂದಕ್ಕೂ ಒಂದು ಹಕ್ಕಿಯ ಹೆಸರಿಡಬೇಕೆಂದು ಅವರ ಸೊಸೆ ಹೇಳಿದಳಂತೆ. ಗೌಡರು ಅದುವರೆಗೆ ಹಕ್ಕಿಗಳನ್ನು ನೋಡಿದ್ದೆಲ್ಲ ಕೋವಿಯ ನಳಿಗೆಯ ಮೇಲಿಂದ. ಅವುಗಳ ರುಚಿ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಹೆಸರುಗಳನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಯಾವುದೋ ಪುಸ್ತಕ ನೋಡಿ, ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ, ಅಂದವಾಗಿ ಪಟ್ಟಿ ಮಾಡಿಕೊಟ್ಟಿದ್ದರು. ಕಾಜಾಣ, ಸಿಳ್ಳಾರ, ಪಿಕಳಾರ, ಮರಕುಟಿಗ. ನಾಲ್ಕು ಬೋರ್ಡ್ ಒಂದೇ ವಾರದಲ್ಲಿ ಬರೆದು ಮುಗಿಸಿದೆ, ಎಲ್ಲವೂ ತಗಡಿನೊಳಗೇ ಹಿಡಿದವು. ಐದನೆಯದಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಇಂಗ್ಲಿಷಿನಲ್ಲಿ ಮ್ಯಾಗ್‌ಪೈ ರಾಬಿನ್ ಎಂದು ಬರೆದು, ಕೆಳಗೆ "ಮಡಿ" ಎನ್ನುವಷ್ಟರಲ್ಲಿ ಗೌಡರು ಬೆನ್ನ ಹಿಂದೆ ಬಂದು ನಿಂತರು.

"ಎಂತ ಬರೀತಿದೀಯ ಮಾರಾಯ?"

"ಮಡಿವಾಳ ಅಂತ ಗೌಡ್ರೇ. ಲಿಸ್ಟಲ್ಲಿ ಹಂಗೇ ಉಂಟು."

"ಲಿಸ್ಟಲ್ಲಿ ಇರ್ಲಿ. ನೀನು ತಲೆ ಓಡಿಸೋದು ಬೇಡವಾ? ಬೆಂಗಳೂರಿನೋರು ಆ ಮಡಿವಾಳದ ಟ್ರಾಫಿಕ್ ತಡೀಲಾರ್ದೆ ಇಲ್ಲಿಗೆ ಬರ್ತಾರೆ. ಇಲ್ಲೂ ಅವರನ್ನ ಮಡಿವಾಳಕ್ಕೇ ಕಳಿಸ್ಬೇಕಾ?"

ನಾನು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಆ ಎರಡಕ್ಷರವನ್ನೇ ನೋಡಿ, ದನಿ ತಗ್ಗಿಸಿ ಅಂದರು, "ನೋಡು, ನಾಳೆ ಆಫೀಸರ್ ಬರ್ತಾರೆ, ಡಾಕ್ಟ್ರು ಬರ್ತಾರೆ. ಆ ಹೆಸರಿನ ಕೆಳಗೆ ಅವರನ್ನ ಮಲಗಿಸೋಕಾಗ್ತದಾ? ನನಗೇನೂ ಭೇದ ಇಲ್ಲ ಮತ್ತೆ. ಲೋಕ ಹಂಗುಂಟು. ಸಂಸ್ಕೃತದ್ದು ಒಂದು ಒಳ್ಳೆ ಹೆಸರು ಹುಡುಕಿಸ್ಕೊಂಡು ಬಾ."

"ನನಗೇನೂ ಭೇದ ಇಲ್ಲ" ಎಂಬ ಮಾತನ್ನು ನಾನು ನನ್ನ ಕಸುಬಿನಲ್ಲಿ ಬಹಳ ಸಲ ಕೇಳಿದ್ದೇನೆ. ಇದನ್ನೇ ಒಂದು ಬೋರ್ಡ್ ಬರೆದುಕೊಟ್ಟರೆ ಇಡೀ ತಾಲೂಕಿನಲ್ಲಿ ಮನೆಮನೆಗೂ ತೂಗುಹಾಕಬಹುದು, ನಮ್ಮ ಮನೆಯೂ ಸೇರಿದಂತೆ.

ಹೆಸರು ಹುಡುಕಲು ಯಾರ ಹತ್ತಿರ ಹೋಗುವುದು? ನನಗೆ ಗೊತ್ತಿದ್ದ ವಿದ್ಯಾವಂತರಲ್ಲಿ ಭಾಷೆಯ ಗಂಧ ಇದ್ದದ್ದು ಒಬ್ಬಳಿಗೆ. ಜಯಂತಿ, ಬಣಕಲ್ ಶಾಲೆಯಲ್ಲಿ ನನ್ನ ಜೊತೆ ಓದಿದವಳು, ಆ ಹೊತ್ತಿಗೆ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಕನ್ನಡ ಲೆಕ್ಚರರು. ಭಾನುವಾರ ಭಾನುವಾರ ಅಮ್ಮನನ್ನು ನೋಡಲು ಊರಿಗೆ ಬರುತ್ತಿದ್ದಳು. ಅವಳ ಹತ್ತಿರ ಹೋಗಲು ಒಂದೇ ಅಡ್ಡಿ ಇತ್ತು. ಅವಳ ಅಮ್ಮ ನಮ್ಮ ಊರಿನ ಮಡಿವಾಳಗಿತ್ತಿ. ಅಡ್ಡಿ ಅದಲ್ಲ. ಅಡ್ಡಿ ನಾನು.

ತೊಂಬತ್ತೊಂದೋ ತೊಂಬತ್ತೆರಡೋ ಇರಬೇಕು, ನಾವು ಐದನೇ ಕ್ಲಾಸು. ಹೊರಗೆ ವಾರದಿಂದ ಮಳೆ ಹಿಡಿದುಕೊಂಡಿತ್ತು. ಒಂದು ಬೆಳಿಗ್ಗೆ ಜಯಂತಿ ಮೆರೂನ್ ಬಣ್ಣದ ಸ್ವೆಟರ್ ಹಾಕಿಕೊಂಡು ಬಂದಳು. ಎದೆಯ ಮೇಲೆ ಎರಡು ಬಿಳಿ ಹೂವು. ಅದು ನಮ್ಮಕ್ಕನದು. ಚಿಕ್ಕಮಗಳೂರಿನ ಅತ್ತೆ ಕೈಯಲ್ಲಿ ಹೆಣೆದದ್ದು, ಅಂಥ ಇನ್ನೊಂದು ಊರಿನಲ್ಲಿರಲಿಲ್ಲ. ಹಿಂದಿನ ವಾರ ಮನೆಯ ಬಟ್ಟೆಗಂಟಿನ ಜೊತೆ ಒಗೆಯಲು ಹೋಗಿತ್ತು. ಈಗ ಯೋಚಿಸಿದರೆ ಅರ್ಥವಾಗುತ್ತದೆ. ಆ ಚಳಿಗೆ ಒಣಗಿದ ಒಂದು ಸ್ವೆಟರ್ ಮನೆಯಲ್ಲಿದ್ದರೆ ಯಾವ ತಾಯಿಯಾದರೂ ಮಗಳ ಕೊರಳಿಗೆ ಹಾಕಿ ಕಳಿಸುತ್ತಾಳೆ. ಆಗ ನನಗೆ ಅರ್ಥವಾದದ್ದು ಒಂದೇ: ಇಡೀ ಕ್ಲಾಸು ನನ್ನ ಕಡೆ ನೋಡುವಂಥ ಒಂದು ಮಾತು ನನಗೆ ಸಿಕ್ಕಿದೆ.

"ಅದು ನಮ್ಮಕ್ಕನ ಸ್ವೆಟರು" ಎಂದೆ.

ಕ್ಲಾಸು ನಕ್ಕಿತು. ಜಯಂತಿ ಎದ್ದು ನಿಂತು ಸ್ವೆಟರನ್ನು ತಲೆಯ ಮೇಲಿಂದ ತೆಗೆದಳು. ತೋಳುಗಳನ್ನು ಒಳಕ್ಕೆ ಮಡಚಿ, ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಸವರಿ, ನನ್ನ ಡೆಸ್ಕಿನ ಮೇಲೆ ತಂದಿಟ್ಟಳು. ಹತ್ತು ವರ್ಷದ ಹುಡುಗಿ ಅಷ್ಟು ಅಚ್ಚುಕಟ್ಟಾಗಿ ಬಟ್ಟೆ ಮಡಚುವುದನ್ನು ನಾನು ನೋಡಿರಲಿಲ್ಲ. ಆಮೇಲೆ ತನ್ನ ಜಾಗದಲ್ಲಿ ಹೋಗಿ, ತೆಳುವಾದ ರವಿಕೆಯಲ್ಲಿ ಸಂಜೆಯವರೆಗೆ ಕೂತಿದ್ದಳು. ಮೇಷ್ಟ್ರು ಭಿನ್ನರಾಶಿಯ ಲೆಕ್ಕ ಮಾಡಿಸಿದರು. ಅವಳು ಎಲ್ಲವನ್ನೂ ಸರಿಯಾಗಿ ಮಾಡಿದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಮೂರ್ಖ ಎನಿಸಿಕೊಳ್ಳುತ್ತಿದ್ದೆ. ಮಾರನೆಯ ದಿನ ಶಾಲೆಯ ಹೊರಗೆ ತಂತಿಯ ಮೇಲೆ ಆ ಹಕ್ಕಿ ಕೂತಿತ್ತು. "ಅಕೋ ಜಯಂತಿ, ಬಿಳಿ ಅಂಗಿ ಯಾರದ್ದೋ ಹಾಕ್ಕೊಂಡು ಕೂತಿದ್ದಾಳೆ" ಎಂದೆ. ಅಲ್ಲಿಂದ ಏಳನೇ ಕ್ಲಾಸಿನವರೆಗೆ ಅವಳು ಮಡಿವಾಳ ಹಕ್ಕಿ. ಕೊನೆಗೆ ಹಾಜರಿ ಕೂಗುವಾಗ ಒಂದು ಸಲ ಮೇಷ್ಟ್ರ ಬಾಯಿಗೂ ಅದೇ ಬಂತು. ನಾನು ಬರೆದ ಮೊದಲ ಬೋರ್ಡು ಅದು. ತಗಡೂ ಬೇಕಾಗಲಿಲ್ಲ, ಬ್ರಷ್ಷೂ ಬೇಕಾಗಲಿಲ್ಲ, ಒಂದಕ್ಷರವೂ ತಪ್ಪಾಗಲಿಲ್ಲ.

ಇಂಥವಳ ಹತ್ತಿರ ಹೋಗಿ ನಾನು ಕೇಳಬೇಕಾಗಿದ್ದ ಪ್ರಶ್ನೆ, "ಮಡಿವಾಳ ಹಕ್ಕಿಗೆ ಇನ್ನೂ ಸ್ವಲ್ಪ ಮರ್ಯಾದೆ ಇರೋ ಹೆಸರು ಉಂಟಾ?"

ಭಾನುವಾರ ಹೋದೆ. ಜಗುಲಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಳು. "ನಮಸ್ಕಾರ ಮೇಡಂ, ಹೇಗಿದ್ದೀರಿ" ಎಂದೆ.

"ಮೇಡಂ ಬೇಡ, ನೀವು ಬೇಡ. ಸ್ಕೂಲಲ್ಲಿ ನೀನು ಕರೀತಿದ್ದಿದ್ದು ಬಿಟ್ಟು ಬೇರೆ ಏನಾದ್ರೂ ಕರಿ, ಸಾಕು" ಎಂದಳು, ತಲೆ ಎತ್ತದೆ.

ಗೌಡರ ಬೋರ್ಡಿನ ವಿಷಯ ಹೇಳಿದೆ. ಹೇಳುತ್ತ ಹೋದ ಹಾಗೆ ಅವಳ ಕೆಂಪು ಪೆನ್ನು ನಿಂತಿತು. ಮುಗಿದ ಮೇಲೆ ಬಹಳ ಹೊತ್ತು ನಕ್ಕಳು. ಆ ಧೈರ್ಯದ ಮೇಲೆ ನಾನು, "ಅಂದ ಹಾಗೆ ಆ ಸ್ವೆಟರ್ ವಿಷಯದಲ್ಲಿ ನಂದು ತಪ್ಪಾಯ್ತು" ಎಂದೂ ಸೇರಿಸಿದೆ.

ನಗು ನಿಂತಿತು. "ಹೆಸರು ಕೇಳೋಕೆ ಬಂದಿದ್ದೀಯೋ, ಕ್ಷಮೆ ಕೇಳೋಕೆ ಬಂದಿದ್ದೀಯೋ? ಎರಡನ್ನೂ ಒಂದೇ ಟಿಕೆಟ್ಟಲ್ಲಿ ತರಬೇಡ ಮಲ್ಲಿ" ಎಂದಳು, ಶಾಲೆಯಲ್ಲಿ ಎಲ್ಲರೂ ನನ್ನನ್ನು ಕರೆಯುತ್ತಿದ್ದ ಹೆಸರಿನಲ್ಲೇ. ಆಮೇಲೆ ಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಹೇಳಿದಳು, "ನಿನಗೆ ಜ್ಞಾಪಕ ಇರೋದು ಕ್ಲಾಸು. ನನಗೆ ಜ್ಞಾಪಕ ಇರೋದು ಅವತ್ತು ಸಂಜೆ. ನಿಮ್ಮಮ್ಮ ನಮ್ಮಮ್ಮನ್ನ ಕರೆಸಿ, ಆ ಸ್ವೆಟರನ್ನ ಬಿಸಿನೀರಲ್ಲಿ ಮತ್ತೆ ಒಗೆಸಿದ್ರು. ಒಂದ್ಸಲ ಒಗೆದೇ ಇತ್ತು. ನಾನು ಹಾಕ್ಕೊಂಡಿದ್ದಕ್ಕೆ ಇನ್ನೊಂದ್ಸಲ. ಉಣ್ಣೆ ಬಿಸಿನೀರಿಗೆ ಬಿದ್ರೆ ಕುಗ್ಗಿಹೋಗ್ತದೆ ಅಂತ ಅಮ್ಮ ಹೇಳಿದ್ಲು. ಪರವಾಗಿಲ್ಲ ಒಗಿ ಅಂದ್ರು."

ಅಕ್ಕನ ಸ್ವೆಟರ್ ಗೊಂಬೆಯಂಗಿಯಷ್ಟಾಗಿ, ಅಮ್ಮ ಅದರಿಂದ ವರ್ಷಗಟ್ಟಲೆ ಬಿಸಿ ಪಾತ್ರೆ ಇಳಿಸುತ್ತಿದ್ದದ್ದು ನನಗೆ ಗೊತ್ತಿತ್ತು. ಅದು ಯಾಕೆ ಕುಗ್ಗಿತೆಂದು ಆವತ್ತೇ ಗೊತ್ತಾದದ್ದು. ಜಯಂತಿ ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು, ಒಂದು ಹಾಳೆ ತಂದಳು.

"ನಿಮ್ಮ ಗೌಡ್ರ ಹಕ್ಕಿ ಎಲ್ಲಿಗೆ ಹೋದ್ರೂ ಈ ಹೆಸರಿಂದ ಬಿಡ್ಸಿಕೊಳ್ಳೋಕಾಗಲ್ಲ, ಕೇಳು" ಎಂದು ಶುರುಮಾಡಿದಳು. ತಮಿಳಿನಲ್ಲಿ ಇದು ವಣ್ಣಾತ್ತಿಕ್ಕುರುವಿ. ವಣ್ಣಾತ್ತಿ ಅಂದರೆ ಬಟ್ಟೆ ಒಗೆಯುವವಳು. ಮಲೆಯಾಳದಲ್ಲಿ ಮಣ್ಣಾತ್ತಿಪ್ಪುಳ್ಳ್. ಮಣ್ಣಾತ್ತಿ ಅಂದರೂ ಅವಳೇ. "ಮೂರು ಭಾಷೆಯವರು ಬೇರೆ ಯಾವುದರಲ್ಲೂ ಒಂದಾಗಲ್ಲ, ನೀರಿಗೂ ಜಗಳ ಆಡ್ತಾರೆ. ಈ ಹಕ್ಕಿಯ ಜಾತಿ ಯಾವುದು ಅನ್ನೋದರಲ್ಲಿ ಮಾತ್ರ ಒಮ್ಮತ."

"ಯಾಕೆ ಆ ಹೆಸರು?"

"ಯಾಕೆ ಅಂತ ಯಾರಿಗೆ ಗೊತ್ತು. ಬಾಲ ಮೇಲೆ ಕೆಳಗೆ ಆಡ್ಸೋದು ಬಟ್ಟೆ ಬಡಿದ ಹಾಗೆ ಕಾಣ್ತದೆ ಅಂತಾರೆ. ಒಗೆದ ಬಿಳುಪು, ಒಗೆಯದ ಕಪ್ಪು ಎರಡೂ ಮೈಮೇಲೆ ಇದೆ ಅಂತಾರೆ. ನಮ್ಮ ಕಾಲೇಜಲ್ಲಿ ಒಬ್ಬರು ದೊಡ್ಡೋರು, ಹಕ್ಕಿಗೆ ನಿಮ್ಮ ಹೆಸರಿಟ್ಟದ್ದು ನಿಮಗೆ ಗೌರವ ಅಲ್ವಾ ಅಂತ ನನ್ನನ್ನೇ ಕೇಳಿದ್ರು. ಹಾಗಾದ್ರೆ ನಿಮ್ಮ ಜಾತಿ ಹೆಸರನ್ನ ಯಾವ ಹಕ್ಕಿಗೆ ಇಡೋಣ ಸರ್ ಅಂದೆ. ಅವತ್ತಿಂದ ಅವರು ಸ್ಟಾಫ್ ರೂಮಲ್ಲಿ ನನ್ನ ಪಕ್ಕ ಕೂರಲ್ಲ."

ಉತ್ತರದ ಕಡೆ ಬೇರೆ ದಾರಿ. ಹಿಂದಿಯಲ್ಲಿ ದಹಿಯರ್, ದಯಾಳ್ ಎಂದೆಲ್ಲ ಕರೆಯುತ್ತಾರೆ, ಬಂಗಾಳಿಯಲ್ಲಿ ದೋಯೆಲ್. ಆ ಬಿಳುಪಿಗೂ ದಹಿಗೂ, ಅಂದರೆ ಮೊಸರಿಗೂ, ಸಂಬಂಧ ಹಚ್ಚುವವರಿದ್ದಾರೆ. ಇಂಗ್ಲಿಷಿನವರು ಬಂದಾಗ ಅವರ ಕಿವಿಗೆ ದಯಾಳ್ ಎಂಬುದು ಡಯಲ್ ಎಂದು ಕೇಳಿ, ಡಯಲ್ ಬರ್ಡ್ ಎಂದು ಬರೆದುಕೊಂಡರು. ಇದನ್ನು ಓದಿದ ಯುರೋಪಿನ ಒಬ್ಬ ಮಹಾಪಂಡಿತ, ಡಯಲ್ ಎಂದರೆ ನೆರಳು ನೋಡಿ ಹೊತ್ತು ತಿಳಿಯುವ ಗಡಿಯಾರ, ಆದ್ದರಿಂದ ಈ ಹಕ್ಕಿಗೂ ಸೂರ್ಯನಿಗೂ ಏನೋ ಇದೆ ಎಂದುಕೊಂಡು ಲ್ಯಾಟಿನ್ನಿನಲ್ಲಿ ಸೂರ್ಯನ ಹೆಸರಿಡಲು ಹೋದನಂತೆ. ಬರೆಯುವಾಗ ಅಕ್ಷರ ತಪ್ಪಿ ಸೋಲಾರಿಸ್ ಎಂಬುದು ಸೌಲಾರಿಸ್ ಆಯಿತಂತೆ. ಅದೆಲ್ಲ ಕಟ್ಟುಕಥೆ, ಸೌಲಾರಿ ಎಂಬ ಹೆಸರು ಮದರಾಸಿನಿಂದ ಹೋದ ಕಾಗದದಲ್ಲೇ ಇತ್ತು ಎಂದು ವಾದಿಸುವವರೂ ಇದ್ದಾರೆ. ಇನ್ನು ಮ್ಯಾಗ್‌ಪೈ, ರಾಬಿನ್ ಎರಡೂ ಇಂಗ್ಲೆಂಡಿನ ಬೇರೆ ಬೇರೆ ಹಕ್ಕಿಗಳು. ಊರಿನ ನೆನಪಾದ ಯಾರೋ ದೊರೆ ಅವೆರಡನ್ನೂ ಸೇರಿಸಿ ನಮ್ಮದಕ್ಕೆ ಕಟ್ಟಿದ್ದಿರಬೇಕು.

"ನೋಡಿದ್ಯಾ" ಎಂದಳು ಜಯಂತಿ, "ತಪ್ಪು ಬೋರ್ಡ್ ಬರೆಯೋನು ನೀನೊಬ್ಬನೇ ಅಲ್ಲ."

ಆ ಮಾತಿನಿಂದ ನನಗೆ ಸಮಾಧಾನವಾಯಿತು ಎಂದರೆ ನಾಚಿಕೆಗೇಡು, ಆದರೆ ಆಯಿತು.

"ಗೌಡ್ರಿಗೆ ಏನು ಹೇಳ್ಲಿ?"

"ದಯಾಳ ಅಂತ ಹೇಳು. ಉತ್ತರದ ಹೆಸರು, ಬಹಳ ಹಳೇದು ಅನ್ನು. ಅರ್ಥ ಅವರೇ ಮಾಡ್ಕೊಳ್ತಾರೆ. ತಮಿಳು ಮಲೆಯಾಳದ್ದು ಹೇಳ್ಬೇಡ. ಹೇಳೋರು ಅವರ ಮನೆಗೇ ಬರ್ತಾರೆ."

ಹೆಸರು ಹೇಳಿದ್ದೇ ತಡ, ಗೌಡರು ಅರ್ಥ ಮಾಡಿಕೊಂಡರು, ನಾನು ಮುಂದೆ ಬಾಯಿ ಬಿಡುವುದಕ್ಕೂ ಮೊದಲೇ. "ದಯಾಳ. ದಯೆ ಉಳ್ಳದ್ದು. ನೋಡು, ಹೆಸರು ಅಂದ್ರೆ ಹಿಂಗಿರ್ಬೇಕು" ಎಂದು ರೈಟರ ಕಡೆ ತಿರುಗಿದರು. ರೈಟರು ತಮ್ಮ ಪಟ್ಟಿಯಲ್ಲಿ ಹಳೆಯ ಹೆಸರಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದರು. ನಾನು ಬೋರ್ಡ್ ಬರೆದು ತೂಗುಹಾಕಿ ಬಂದೆ.

ಒಂದು ಬೇಸಿಗೆ ದಯಾಳ ಸುಖವಾಗಿತ್ತು. ಮುಂದಿನದನ್ನು ನನಗೆ ಹೇಳಿದವರು ರೈಟರು. ಪಾಲಕ್ಕಾಡಿನ ಕಡೆಯ ನಿವೃತ್ತ ದಂಪತಿ ಬಂದು ಅದೇ ಕಾಟೇಜಿನಲ್ಲಿ ಇಳಿದರಂತೆ. ಬೆಳಗಿನ ಕಾಫಿ ಹೊತ್ತಿಗೆ ಹಕ್ಕಿ ಹಾಡಿತು. ಗೌಡರು ಕುರ್ಚಿ ಎಳೆದುಕೊಂಡು ದಯೆಯ ವಿಷಯ ಬಹಳ ವಿವರಿಸಿದರು. ಆ ಹೆಂಗಸು ಖುಷಿಯಿಂದ, ನಮ್ಮಲ್ಲಿ ಇದು ಮಣ್ಣಾತ್ತಿಪ್ಪುಳ್ಳ್ ಎಂದರು. ಹಾಗೆಂದರೇನು ಎಂದು ಗೌಡರೇ ಕೇಳಿದರು. ಆಕೆ ಪಾಪ, ಮಾತು ಸಿಗದೆ, ಎರಡು ಕೈಯಲ್ಲೂ ಬಟ್ಟೆ ಎತ್ತಿ ಕಲ್ಲಿಗೆ ಬಡಿಯುವುದನ್ನು ಮಾಡಿ ತೋರಿಸಿದರು. ಹದಿನೈದು ದಿನ ಬಿಟ್ಟು ಕೊಯಮತ್ತೂರಿನ ಒಂದು ಕುಟುಂಬ ಬಂತು. ಅವರ ಅಜ್ಜಿ ಹಕ್ಕಿ ಕಂಡವರೇ "ವಣ್ಣಾತ್ತಿ" ಎಂದರು. ಈ ಸಲ ಗೌಡರು ಅರ್ಥ ಕೇಳಲಿಲ್ಲ.

ನನ್ನನ್ನು ಕರೆಸಿದರು. "ಎಂತ ಮಾರಾಯ, ಆ ಹಕ್ಕಿ ಎಲ್ಲಾ ರಾಜ್ಯದಲ್ಲೂ ಅದೇ ಜಾತಿಯಂತಲ್ಲ" ಎಂದರು, ನಾನೇ ಜಾತಿ ಮರೆಮಾಚಿ ಹೆಣ್ಣು ಕೊಡಿಸಿದ ದಲ್ಲಾಳಿ ಎಂಬಂತೆ. "ಕನ್ನಡದ್ದು ಅಳಿಸಿಬಿಡು. ಇಂಗ್ಲಿಷ್ ಒಂದೇ ಇರ್ಲಿ. ಇಂಗ್ಲಿಷಿಗೆ ಜಾತಿ ಇಲ್ಲ ನೋಡು."

ಅಳಿಸಿದೆ. ಹೌದು, ನಾನೇ ಅಳಿಸಿದೆ. ಅಲ್ಲಿ ಬ್ರಷ್ ಎಸೆದು ಒಂದು ಮಾತು ಆಡಿದೆನೆಂದು ಬರೆದುಕೊಳ್ಳಬಹುದಿತ್ತು, ಆದರೆ ಪಕ್ಕದಲ್ಲೇ ನಿಂತು ನೋಡಿದ ರೈಟರು ಇನ್ನೂ ಬದುಕಿದ್ದಾರೆ. ಮುಂದಿನ ವರ್ಷ ಚಿಕ್ಕಮಗಳೂರಿನಿಂದ ಕಂಪ್ಯೂಟರಿನ ಫ್ಲೆಕ್ಸ್ ಬಂದು ನನ್ನ ಐದೂ ಬೋರ್ಡುಗಳು ಕೋಳಿಗೂಡಿನ ಮಾಡಿಗೆ ಹೋದವು. ನನ್ನ ಅಂಗಡಿಯೂ ಹೆಚ್ಚು ದಿನ ಉಳಿಯಲಿಲ್ಲ. ನಾನು ತಕ್ಕಡಿ ಹಿಡಿದೆ, ಅಪ್ಪ ನೆಮ್ಮದಿಯಾಗಿ ಪೇಪರ್ ಓದತೊಡಗಿದರು.

ಅಂಗಡಿ ಮುಚ್ಚುವ ಹೊತ್ತಿಗೆ ಬಂದ ಕೊನೆಯ ಕೆಲಸ ಜಯಂತಿಯದು. ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಿದ್ದಳು. "ಗೇಟಿನ ಕಂಬದ ಮೇಲೆ ಮನೆ ಹೆಸರು ಬರೀಬೇಕು. ಕೈಯಲ್ಲೇ ಬರೀಬೇಕು, ಫ್ಲೆಕ್ಸ್ ಬೇಡ" ಎಂದು ಫೋನ್ ಮಾಡಿದಳು.

"ಏನು ಹೆಸರು?"

"ಮಡಿವಾಳ."

"ಹಕ್ಕಿಯಾ?"

"ಹಕ್ಕಿನೂ ಹೌದು, ನಾವೂ ಹೌದು. ಯಾಕೆ, ಗೌಡ್ರನ್ನ ಕೇಳ್ಕೊಂಡು ಬರ್ತೀಯಾ?"

ಡಬ್ಬ ಬ್ರಷ್ ಹಿಡಿದು ಹೋದೆ. ಕಂಬಕ್ಕೆ ಪ್ರೈಮರ್ ಬಳಿದು ಗೆರೆ ಹಾಕುವಷ್ಟರಲ್ಲಿ ಅವಳ ಅಮ್ಮ ಹೊರಗೆ ಬಂದು ನೋಡುತ್ತ ನಿಂತರು. ಕೈಬೆರಳುಗಳ ಗೆಣ್ಣು ಊದಿ ಬಾಗಿದ್ದವು, ಒಗೆಯುವುದು ಬಿಟ್ಟು ಮೂರು ವರ್ಷವಾಗಿತ್ತು. ನನಗೊಂದು ಕುತೂಹಲ. ಇಷ್ಟು ಜನರನ್ನು ಕೇಳಿದ್ದಾಯಿತು, ಇವರನ್ನು ಕೇಳಿರಲಿಲ್ಲ. ತಂತಿಯ ಮೇಲೆ ಹಕ್ಕಿ ಇತ್ತು. "ಅಮ್ಮ, ಅದಕ್ಕೆ ನೀವು ಎಂತ ಅಂತೀರಿ?" ಎಂದೆ.

"ಅದಕ್ಕಾ? ಅದಕ್ಕೆಂತ ಹೆಸ್ರು. ಒಣಗೋಕೆ ಹಾಕಿದ ಪಂಚೆ ಮೇಲೆ ಕೂತು ಗಲೀಜು ಮಾಡ್ತದೆ. ಮತ್ತೆ ನಾನೇ ಒಗೀಬೇಕು. ಕಲ್ಲು ಹೊಡೀತಿದ್ದೆ" ಎಂದರು.

ಜಯಂತಿ ನಗುತ್ತ, ಮನೆಗೆ ಇಡುತ್ತಿರುವ ಹೆಸರನ್ನು ಅಮ್ಮನಿಗೆ ಹೇಳಿದಳು. ಯಾಕೆ ಇಡಬೇಕು, ಅದರಲ್ಲಿ ನಾಚಿಕೆಪಡುವಂಥದ್ದು ಯಾಕೆ ಏನೂ ಇಲ್ಲ ಎಂಬುದನ್ನೆಲ್ಲ ಕ್ಲಾಸಿನಲ್ಲಿ ಹೇಳುವಷ್ಟು ಚೆನ್ನಾಗಿ ಹೇಳಿದಳು. ಅಮ್ಮ ಪೂರ್ತಿ ಕೇಳಿದರು.

"ಬೇಡ ಕಣೇ" ಎಂದರು. "ನಲವತ್ತು ವರ್ಷ ಅದನ್ನೇ ಕರ್ಸ್ಕೊಂಡಿದೀನಿ. ಹಿತ್ತಲ ಬಾಗಿಲಲ್ಲಿ ನಿಂತು ಮಡಿವಾಳಗಿತ್ತಿ ಬಂದಿದೀನಿ ಅಂತ ನಾನೇ ಕೂಗಿದೀನಿ. ನಿಂಗೆ ಓದಿರೋದ್ರಿಂದ ಅದು ಚಂದ ಕಾಣ್ತದೆ. ಬರೆಯೋದಾದ್ರೆ ನನ್ನ ಹೆಸ್ರು ಬರೀಲಿ."

ಜಯಂತಿ ನನ್ನ ಕಡೆ ನೋಡಿ, ಬರಿ ಎಂಬಂತೆ ತಲೆಯಾಡಿಸಿದಳು. ನಾನು ಬ್ರಷ್ ಅದ್ದಿದೆ. ಅದ್ದಿದ ಬ್ರಷ್ ಹಾಗೇ ನಿಂತಿತು. ಹುಟ್ಟಿದಾಗಿನಿಂದ ನನ್ನ ಅಂಗಿ ಒಗೆದವರು, ನನ್ನ ತೊಟ್ಟಿಲ ಬಟ್ಟೆ ಒಗೆದವರು. ಒಂದು ಹಕ್ಕಿಗೆ ಏಳು ಭಾಷೆಯಲ್ಲಿ ಏನೇನು ಹೆಸರೆಂದು ನನಗೆ ಬಾಯಿಪಾಠವಾಗಿತ್ತು. ಇವರ ಹೆಸರು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅಮ್ಮ, ನಿಮ್ಮ ಹೆಸರು?" ಎಂದೆ.

ನನ್ನನ್ನು ಒಂದು ಗಳಿಗೆ ನೋಡಿದರು. ಬೈಯುತ್ತಾರೆಂದುಕೊಂಡೆ. "ನಾಗವೇಣಿ" ಎಂದರು.

ಬರೆದೆ. ಜೀವನದಲ್ಲಿ ಅಷ್ಟು ನಿಧಾನವಾಗಿ ನಾಲ್ಕಕ್ಷರ ಬರೆದದ್ದಿಲ್ಲ. ನೀಲಿಯಲ್ಲಿ ಬರೆದು, ಸುತ್ತ ಬಿಳಿಯ ಸಣ್ಣ ಗೆರೆ ಕೊಟ್ಟೆ. ಅವರಿಗೆ ಓದು ಬಾರದು, ಯಾವ ಅಕ್ಷರ ಯಾವುದೆಂದು ಕೇಳಿದರು, ಒಂದೊಂದೇ ತೋರಿಸಿದೆ. ಹತ್ತಿರ ಬಂದು, ಒದ್ದೆಗೆ ತಾಗದ ಹಾಗೆ ಉಗುರಿನಿಂದ ಅಂಚಿನಲ್ಲಿ ಕೆರೆದು ನೋಡಿದರು.

"ಇದು ಬಣ್ಣ ಬಿಡ್ತದಾ?"

"ಬಿಡಲ್ಲ ಅಮ್ಮ."

"ಬಟ್ಟೆ ಕೊಡುವಾಗ ಎಲ್ರೂ ಹಂಗೇ ಹೇಳ್ತಾರೆ" ಎಂದು ಒಳಗೆ ಹೋದರು.